ಸವೆಯದ ಹಲ್ಲುಗಳು

ಮೂರನೆಯ ಮಹಡಿಯಿಂದ ಇಳಿಯುವಾಗ ಎರಡನೆಯ ಮಹಡಿಯ ಬಾಗಿಲ ಮೇಲಿನ ದೀಪ ಎಂದಿನಂತೆ ತಾನಾಗಿ ಹೊತ್ತಿಕೊಂಡಿತು. ಯಾರೂ ಗುಂಡಿ ಒತ್ತಿರಲಿಲ್ಲ. ಅವನು ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟದ್ದೇ ಸಾಕಾಗಿತ್ತು. ಕಿಟಕಿಯಿಲ್ಲದ ಆ ಮೆಟ್ಟಿಲುಗಳಲ್ಲಿ ಬೆಳಗಿನ ಹೊತ್ತೂ ಕತ್ತಲೆಯೇ. ಮೊದಲೆಲ್ಲ ಕಟ್ಟಡದವರು ಗೋಡೆ ಸವರಿಕೊಂಡು ಇಳಿಯುತ್ತಿದ್ದರು, ಯಾರೂ ಬಿದ್ದು ಸತ್ತಿರಲಿಲ್ಲ. ವಿಮೆ ಕಂಪನಿಯಲ್ಲಿ ಕೆಲಸ ಮಾಡುವ ಎರಡನೆಯ ಮಹಡಿಯವನು ಈ ದೀಪ ಹಾಕಿಸಿದ ಮೇಲೆ ಎಲ್ಲರೂ ತಲೆಯೆತ್ತಿಕೊಂಡು ಇಳಿಯತೊಡಗಿದ್ದರು, ಮತ್ತು ಹೋಗುತ್ತ ಬರುತ್ತ ಅವನ ಬಾಗಿಲನ್ನು ನೋಡತೊಡಗಿದ್ದರು. ಅವನಿಗೆ ಬೇಕಾಗಿದ್ದದ್ದೂ ಅದೇ. ನೋಡು, ನೀನು ಬಂದದ್ದು ನನಗಿರಲಿ, ನನ್ನ ದೀಪಕ್ಕೂ ಗೊತ್ತಾಯಿತು ಎಂದು ಅವನು ಮೆರೆಯುತ್ತಿದ್ದಾನೆಂದೇ ಇವನ ಲೆಕ್ಕ. ಆದ್ದರಿಂದ ಆ ದೀಪ ಹೊತ್ತಿದಾಗಲೆಲ್ಲ ಇವನು ಕಣ್ಣು ಮುಚ್ಚಿಕೊಂಡು, ಹಳೆಯ ರೂಢಿಯಂತೆ ಗೋಡೆ ಸವರುತ್ತ ಇಳಿಯುತ್ತಿದ್ದ. ಒಮ್ಮೆ ಹೀಗೆ ಇಳಿಯುವಾಗ ವಿಮೆಯವನ ತಾಯಿ ಎದುರು ಸಿಕ್ಕಿ, "ಏನಪ್ಪಾ, ಕಣ್ಣಿಗೇನಾದ್ರೂ ಬಿತ್ತಾ?" ಎಂದು ಕೇಳಿದ್ದರು. ಏನೂ ಇಲ್ಲ ಎಂದು ಕಣ್ಣು ತೆರೆಯದೆಯೇ ಹೇಳಿದ್ದ. ಆಕೆ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದ ಸದ್ದನ್ನು ಕೆಳಗಿನವರೆಗೂ ಕೇಳಿಸಿಕೊಂಡಿದ್ದ. ಆ ಸದ್ದಿಗೂ ಆ ದೀಪಕ್ಕೂ ಸಂಬಂಧವಿರಬಹುದೆಂದು ಅಂದು ಹೊಳೆಯಲಿಲ್ಲ. ಇಂದು ಹೊಳೆಯಿತು, ಹೊಳೆದದ್ದನ್ನು ಬೀದಿಯ ಗದ್ದಲದಲ್ಲಿ ಬಿಟ್ಟು ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನ ಮುಂದಿನ ಸೀಟಿನವನು ಕುತ್ತಿಗೆಗೆ ಕುದುರೆಲಾಳದ ಆಕಾರದ ದಿಂಬು ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದ. ನಿದ್ದೆ ಎಲ್ಲರಿಗೂ ಬರುತ್ತದೆ; ಬಂದರೆ ತಲೆ ಪಕ್ಕದವನ ಹೆಗಲಿಗೆ ವಾಲುತ್ತದೆ, ಪಕ್ಕದವನು ಗೊಣಗುತ್ತಾನೆ, ಅಲ್ಲಿಗೆ ಮುಗಿಯಿತು. ಅದಕ್ಕೊಂದು ದಿಂಬು, ದಿಂಬಿಗೊಂದು ಜಿಪ್ಪು, ಜಿಪ್ಪಿಗೊಂದು ಕೆಂಪು ದಾರ. ಬಾಗಿಲ ಬಳಿ ಒಬ್ಬಾಕೆ ಚಕ್ರದ ತರಕಾರಿ ಚೀಲವನ್ನು ಹತ್ತಿಸಲಾರದೆ ಒದ್ದಾಡುತ್ತಿದ್ದಳು. ಎರಡು ಸೊಪ್ಪಿನ ಕಟ್ಟಿಗೆ ಒಂದು ರಥ ಎಂದುಕೊಂಡ. ಇಂಥ ಮಾತುಗಳನ್ನು ಅವನು ಬಾಯಿಬಿಟ್ಟು ಆಡುತ್ತಿದ್ದದ್ದು ಅಪರೂಪ. ಮನಸ್ಸಿನಲ್ಲೇ ಆಡಿ, ತಾನೇ ಕೇಳಿ, ತಾನೇ ಮೆಚ್ಚಿಕೊಳ್ಳುತ್ತಿದ್ದ. ಮನೆಯಲ್ಲಿ, ಸಲಿಗೆಯವರೆದುರು ಮಾತ್ರ ನಾಲಿಗೆ ಸಡಿಲ. ಬಾಟಲಿಯ ಬಿಗಿ ಮುಚ್ಚಳ ತಿರುಗಿಸಲು ಹೆಂಡತಿ ಎಲ್ಲಿಂದಲೋ ಒಂದು ರಬ್ಬರಿನ ಹಿಡಿ ತಂದಿದ್ದಾಗ, "ಅಡುಗೆಮನೆಯೋ, ಕಾರ್ಖಾನೆಯೋ?" ಎಂದಿದ್ದ. ಮಾರನೆಯ ದಿನದಿಂದ ಅದು ಕಾಣಲಿಲ್ಲ. ಎಸೆದಳೆಂದುಕೊಂಡು ಸಮಾಧಾನಪಟ್ಟಿದ್ದ. ಎಷ್ಟೋ ಕಾಲದ ಮೇಲೆ ಕಪಾಟಿನಲ್ಲಿ ಸೀರೆಗಳ ಕೆಳಗೆ, ಬಟ್ಟೆಯಲ್ಲಿ ಸುತ್ತಿ ಬಚ್ಚಿಟ್ಟಿದ್ದ ಅದನ್ನು ಕಂಡು, ಕಂಡದ್ದನ್ನು ಹೇಳದೆ ಮತ್ತೆ ಹಾಗೆಯೇ ಸುತ್ತಿಟ್ಟ. ಅಂದರೆ ಅವನಿಲ್ಲದಾಗ ಮನೆಯಲ್ಲಿ ಬೇರೊಂದು ಮನೆ ನಡೆಯುತ್ತಿತ್ತು. ಅವನು ಬಾಗಿಲು ತಟ್ಟಿದೊಡನೆ ಅದು ಸೀರೆಗಳ ಕೆಳಗೆ ಹೋಗಿ ಅಡಗುತ್ತಿತ್ತು.

ಅವನ ಕೆಲಸ ಹಲ್ಲಿನ ಸೆಟ್ಟು ಕಟ್ಟುವುದು. ದಂತವೈದ್ಯರ ಕೋಣೆಯ ಹಿಂದೆ, ಮೇಣ ಮತ್ತು ಅಂಟಿನ ಘಾಟು ತುಂಬಿದ ಉದ್ದನೆಯ ಕಿರುಕೋಣೆ. ಮೇಜಿನ ಈ ತುದಿಗೆ ಅವನು, ಆ ತುದಿಗೆ ಅಚ್ಚು ಹೊಯ್ಯುವವನು. ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡೇ ಇರುವ ಆತನನ್ನು ಎಲ್ಲರೂ ಕರೆಯುವುದು ಹಿಟ್ಟಪ್ಪ ಎಂದು. ಹಿಟ್ಟಪ್ಪ ಈಚೆಗೆ ನಡುವೆ ತೂತಿರುವ ರಬ್ಬರಿನ ದಿಂಬಿನ ಮೇಲೆ ಕೂರುತ್ತಿದ್ದ. "ಏನು, ಸಿಂಹಾಸನ ಬಂತಲ್ಲ?" ಎಂದು ಇವನು ಮೊದಲ ದಿನವೇ ಚುಚ್ಚಿದ್ದಕ್ಕೆ ಹಿಟ್ಟಪ್ಪ ತಲೆಯೆತ್ತದೆ, "ಹೂನಪ್ಪ, ಸಿಂಹಾಸನ. ನಿಂಗೂ ಮೂಲವ್ಯಾಧಿ ಶುರುವಾಗ್ಲಿ, ಪಟ್ಟಾಭಿಷೇಕ ನಾನೇ ಮಾಡಿಸ್ತೀನಿ," ಎಂದಿದ್ದ. ನಕ್ಕು ಮುಗಿದ ಮೇಲೂ ಇವನ ಕಣ್ಣು ಆ ದಿಂಬಿನ ಕಡೆಗೆ ಹೋಗುವುದು ನಿಲ್ಲಲಿಲ್ಲ. ನಿಜವಾಗಿ ನೋವಿದ್ದವನು ಅದನ್ನು ಎಲ್ಲರೆದುರು ಇಟ್ಟುಕೊಳ್ಳುತ್ತಾನೆಯೇ ಎಂದು ಯೋಚಿಸುತ್ತಿದ್ದ.

ಡಾಕ್ಟರಮ್ಮ ಬಂದು ಮುಚ್ಚಳದ ಡಬ್ಬಿಯೊಂದನ್ನು ಅವನ ಮುಂದಿಟ್ಟರು. "ಇದನ್ನು ಸ್ವಲ್ಪ ನೋಡಿ. ಗುಡ್ಡದ ಹತ್ರ ವೃದ್ಧರ ಆರೈಕೆ ಮನೆ ಇದ್ಯಲ್ಲ, ನಿನ್ನೆ ಅಲ್ಲಿಗೆ ಹೋಗಿದ್ದೆ. ಅಲ್ಲೊಬ್ರು ಅಜ್ಜಿ, ತೂಕ ಇಳೀತಾನೇ ಇದೆ. ಬರೀ ತೆಳ್ಳಗಿರೋದನ್ನ ಕುಡೀತಾರೆ ಅಷ್ಟೆ. ಈ ಸೆಟ್ಟು ಬಾಯಲ್ಲಿ ಕೂತ್ರೆ ಏನಾದ್ರೂ ಅಗಿದು ತಿಂತಾರೇನೋ. ತಿಂದ್ರೆ ಚೇತರಿಸ್ಕೋತಾರೆ. ಇಲ್ಲಾಂದ್ರೆ ಮೂಗಿಗೆ ನಳಿಗೆ ಹಾಕ್ಬೇಕು ಅಂತಿದ್ದಾರೆ ಅಲ್ಲಿಯವರು." ಡಾಕ್ಟರಮ್ಮ ಬಾಗಿಲು ದಾಟುವ ಮೊದಲೇ ಅವನು ಮುಚ್ಚಳ ತೆಗೆದಿದ್ದ. ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಮೇಲಿನ ಸಾಲಿನ ಎಡ ಕೋರೆಹಲ್ಲನ್ನು ಒಂದು ಕೂದಲೆಳೆಯಷ್ಟು ಓರೆಯಾಗಿ ನಿಲ್ಲಿಸುವುದು ಅವನ ಚಾಳಿ. ಸಾಲು ತೀರ ನೆಟ್ಟಗಿದ್ದರೆ ಅದು ಬಾಯಲ್ಲ, ಪ್ರದರ್ಶನ. ಮತ್ತು ಆ ಬಣ್ಣ. ಮಾದರಿ ಹಲ್ಲುಗಳ ಪೆಟ್ಟಿಗೆಯಲ್ಲಿದ್ದವುಗಳಲ್ಲೆಲ್ಲ ಮಂಕಾದದ್ದು, ತೊಳೆಯದ ಲೋಟದ ತಳದಂಥ ಬಣ್ಣ. ಅದನ್ನು ಅವನು ಜೀವಮಾನದಲ್ಲಿ ಒಬ್ಬರಿಗೆ ಮಾತ್ರ ಆರಿಸಿದ್ದ. "ಸ್ವಲ್ಪ ಬೆಳ್ಳಗಿರ್ಲಿ ಕಣೋ," ಎಂದಿದ್ದಳು ಅಕ್ಕ. "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?" ಎಂದಿದ್ದ ಅವನು. ಅಕ್ಕ ಖಾಲಿ ಬಾಯಲ್ಲಿ ನಕ್ಕು, "ಅದೂ ಸರಿ, ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡು," ಎಂದಿದ್ದಳು.

ಅಕ್ಕ ಆರೈಕೆ ಮನೆ ಸೇರಿದ ಮೇಲೆ ಅವನು ಅವಳನ್ನು ನೋಡಲು ಹೋಗಿರಲಿಲ್ಲ. ಇದೇ ಊರಿನಲ್ಲಿದ್ದ ಅವಳ ಮಗ ಅವಳನ್ನು ಅಲ್ಲಿ ಬಿಟ್ಟು ಬಂದು, ಅಲ್ಲಿನ ಲಿಫ್ಟು, ಗುಂಡಿ ಒತ್ತಿದರೆ ಓಡಿ ಬರುವ ದಾದಿ, ಮೇಲೆ ಕೆಳಗೆ ಆಗುವ ಮಂಚ ಎಲ್ಲವನ್ನೂ ಫೋನಿನಲ್ಲಿ ಬಣ್ಣಿಸಿದ್ದ. ಅವನ ದನಿಯಲ್ಲಿ ಅಳು ಇತ್ತೇ ಎಂದು ಈಗ ಅನುಮಾನವಾಗುತ್ತದೆ. ಅಂದು ಕೇಳಿಸಿದ್ದು ಬಡಾಯಿ ಮಾತ್ರ. ಅರಮನೆಗೆ ನಮ್ಮಂಥವರು ಯಾಕೆ ಎಂದು ಹೆಂಡತಿಯ ಹತ್ತಿರ ಹೇಳಿ ಸುಮ್ಮನಾಗಿದ್ದ.

ಸೆಟ್ಟನ್ನು ದೀಪದ ಕೆಳಗೆ ಹಿಡಿದ. ತಿಂದ ಹಲ್ಲು ಸವೆಯುತ್ತದೆ. ಹುಟ್ಟಿನಿಂದ ಬಂದದ್ದಾಗಲಿ, ಇವನು ಕಟ್ಟಿದ್ದಾಗಲಿ, ಅಗಿದರೆ ಸವೆಯಲೇಬೇಕು. ದವಡೆಹಲ್ಲಿನ ದಿಬ್ಬಗಳು ಮೊದಲು ಮೊಂಡಾಗುತ್ತವೆ, ಆಮೇಲೆ ಕನ್ನಡಿಯಂಥ ಸಣ್ಣ ಸಣ್ಣ ಬಯಲುಗಳಾಗುತ್ತವೆ. ಬೇರೆಯವರ ಸೆಟ್ಟು ಕೈಗೆ ಬಂದರೆ ಆ ಬಯಲುಗಳನ್ನು ನೋಡಿಯೇ ಅವರು ಯಾವ ಪಕ್ಕದಲ್ಲಿ ಅಗಿಯುತ್ತಾರೆಂದು ಹೇಳುತ್ತಿದ್ದ; ಹಿಟ್ಟಪ್ಪ ಅದಕ್ಕೆ, "ಜಾತಕ ಓದ್ತಾನೆ ನೋಡು," ಎನ್ನುತ್ತಿದ್ದ. ಈ ಸೆಟ್ಟಿನಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ದಿಬ್ಬಗಳು ದಿಬ್ಬಗಳಾಗಿಯೇ ಇದ್ದವು. ಕಣಿವೆಗಳಲ್ಲಿ ಅವನೇ ಉಜ್ಜಿದ ಹೊಳಪು ಹಾಗೆಯೇ ಉಳಿದಿತ್ತು. ಬ್ರಷ್ಷಿನ ಸಣ್ಣ ಗೀರುಗಳು ತುಂಬಾ ಇದ್ದವು, ಅಂದರೆ ದಿನವೂ ತೊಳೆದಿದ್ದಾಳೆ. ತೊಳೆದು, ಬಾಯಿಗಿಟ್ಟುಕೊಂಡು, ಒಂದು ತುತ್ತನ್ನೂ ಅಗಿದಿಲ್ಲ. ಕೆಳಗಿನ ಸಾಲನ್ನು ಮಗುಚಿದಾಗ, ನಾಲಿಗೆಯ ಪಕ್ಕದ ಗುಲಾಬಿ ಅಂಚಿನಲ್ಲಿ ಒರಟಾದ ಗೆರೆಗಳು ಬೆರಳಿಗೆ ತಾಗಿದವು. ಯಂತ್ರದ ಗೆರೆಗಳಲ್ಲ, ಅಡ್ಡಾದಿಡ್ಡಿ, ಅಂಜಿ ಅಂಜಿ ಎಳೆದವು, ಒಂದು ಕಡೆ ತುಸು ಆಳ, ಒಂದು ಕಡೆ ಬರೀ ಗೀಚು. ಬಹಳ ಹೊತ್ತು ಬೆರಳಾಡಿಸಿದ ಮೇಲೆ ತಿಳಿಯಿತು. ಉಗುರು ಉಜ್ಜುವ ಅರ. ಚುಚ್ಚುತ್ತಿದ್ದ ಜಾಗವನ್ನು ಅಕ್ಕ ತಾನೇ, ಬಾಗಿಲು ಹಾಕಿಕೊಂಡು, ಉಗುರಿನ ಅರದಿಂದ ಉಜ್ಜಿದ್ದಾಳೆ. ತಮ್ಮ ಒಂದು ಬಸ್ಸಿನ ದೂರದಲ್ಲಿ ಯಂತ್ರದ ಮುಂದೆ ಕೂತಿದ್ದಾಗ.

ಎಲ್ಲಿ ತಪ್ಪಿತೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಸೆಟ್ಟನ್ನು ಪರೀಕ್ಷೆಗೆಂದು ಇಟ್ಟಿದ್ದ ಹಿತ್ತಾಳೆಯ ದವಡೆಗೆ ಕೂರಿಸಿ ತೆರೆದು ಮುಚ್ಚಿ ನೋಡಿದ. ಎತ್ತರ ಹೆಚ್ಚಾಗಿತ್ತು. ಹಲ್ಲಿಗೆ ಹಲ್ಲು ತಾಗಬಾರದ ಹೊತ್ತಿನಲ್ಲೇ ತಾಗುತ್ತಿತ್ತು. ಯಾರಿಗೇ ಆಗಲಿ, ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಮೇಣದಲ್ಲಿ ಹಲ್ಲು ನಿಲ್ಲಿಸಿ, ಬಾಯಿಗಿಟ್ಟು, ಮಾತಾಡಿಸಿ, ನುಂಗಿಸಿ ನೋಡುವ ಪದ್ಧತಿ ಉಂಟು. ಡಾಕ್ಟರಮ್ಮ ರೋಗಿಗೆ ಕನ್ನಡಿ ಕೊಟ್ಟು, ಬೆನ್ನು ಒರಗಿಸಿ, ಒಂದಕ್ಕೆ ಎರಡು ಸಲ ಹೀಗೆ ನೋಡುವುದು ಇವನಿಗೆ ಮೊದಲಿನಿಂದಲೂ ನಾಟಕದಂತೆ ಕಂಡಿತ್ತು. ಕಾಸು ಕೊಟ್ಟವರಿಗೆ ಮೆರವಣಿಗೆ. ಅಕ್ಕನ ಬಾಯಿ ತನಗೆ ಗೊತ್ತಿಲ್ಲವೇ? ಅವಳ ಮಾತು ಕೇಳಿಕೊಂಡೇ ಬೆಳೆದವನಿಗೆ ಅವಳ ದವಡೆಯ ಅಳತೆ ತಿಳಿಯದೇ? ಭಾನುವಾರ ಮನೆಯಲ್ಲೇ, ಅಡುಗೆಮನೆಯ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ ಅಚ್ಚು ತೆಗೆದ. ಮೇಣದ ಪರೀಕ್ಷೆ ಬೇಡವೆಂದು ತಾನೇ ತೀರ್ಮಾನಿಸಿದ. ಸೆಟ್ಟು ಇಟ್ಟುಕೊಂಡ ದಿನ ಅಕ್ಕನ ಕಣ್ಣಲ್ಲಿ ನೀರಾಡಿತು. "ಸಂತೋಷಕ್ಕೆ ಕಣೋ," ಎಂದಳು. ಹಲ್ಲು ಟಕ್ಕೆಂದಿತು. ಆ ಟಕ್ ಸದ್ದನ್ನು ಅವನ ಕಿವಿ ಕೇಳಿತ್ತು, ಕೈಗೆ ಅದರ ಅರ್ಥ ಗೊತ್ತಿತ್ತು. ಆದರೂ, ರೂಢಿಯಾಗುತ್ತೆ ಎಂದಿದ್ದ.

"ಯಾಕೋ ಮಹಾರಾಯ, ದೆವ್ವ ಬಡಿದ ಹಾಗೆ ಕೂತಿದ್ದೀಯ?" ಎಂದ ಹಿಟ್ಟಪ್ಪ. ಅವನು ಎದ್ದು ಹಿತ್ತಲಿನ ನಲ್ಲಿಯ ಬಳಿ ಹೋಗಿ ಹೆಂಡತಿಗೆ ಫೋನು ಮಾಡಿದ. "ಅಕ್ಕ ಅವತ್ತು ಊಟಕ್ಕೆ ಸಣ್ಣ ಮಿಕ್ಸಿ ತಂದಿದ್ಲಲ್ಲ, ಯಾಕೆ ತಂದಿದ್ಲು?" ಆ ಕಡೆ ಪಾತ್ರೆಯ ಸದ್ದು ನಿಂತಿತು. "ಈಗ ಕೇಳ್ತಿದ್ದೀರಾ?" ಎಂದಳು. "ನಿಂಗೊತ್ತಿತ್ತಾ?" "ಗೊತ್ತಿಲ್ದೆ ಏನ್ರೀ. ಅವ್ರಿಗೆ ಅಗಿಯೋಕೆ ಆಗ್ತಿರ್ಲಿಲ್ಲ." "ಹೇಳ್ಬಾರದಿತ್ತಾ ನಂಗೆ?" "ಹೇಳ್ಬೇಡ ಅಂತ ಕೈಮೇಲೆ ಕೈ ಹಾಕಿಸ್ಕೊಂಡು ಭಾಷೆ ತಗೊಂಡಿದ್ರು. ಪಾಪ, ಕೂತು ಮಾಡಿದ್ದಾನೆ, ನೊಂದ್ಕೋತಾನೆ ಅಂತ." ಮತ್ತೆ, "ನಿಮಗೆ ಏನಂತ ಹೇಳೋದು ರೀ? ಏನು ಹೇಳಿದ್ರೂ ಅದು ಯಾರೋ ನಿಮ್ಮ ಮುಂದೆ ಮೆರೆದ ಹಾಗೇ ಆಗುತ್ತೆ," ಎಂದಳು. ಕೋಪವಿದ್ದಿದ್ದರೆ ಅವನೂ ದನಿಯೇರಿಸಬಹುದಿತ್ತು. ಹಾಲು ಉಕ್ಕುತ್ತಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಅಕ್ಕ ಮಿಕ್ಸಿ ತಂದ ಆ ದಿನ ಹೆಂಡತಿಯ ಅಣ್ಣನ ಮನೆಯವರೆಲ್ಲ ಊಟಕ್ಕೆ ಬಂದಿದ್ದರು. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ ಅಕ್ಕ ಕೈಚೀಲದಿಂದ ಲೋಟದಷ್ಟೇ ದೊಡ್ಡದಾದ, ಬಿಳಿಯ, ಬ್ಯಾಟರಿಯ ಯಂತ್ರವನ್ನು ತೆಗೆದು, ತನ್ನ ಪಾಲಿನ ಅನ್ನ ತರಕಾರಿಯನ್ನು ಅದಕ್ಕೆ ಹಾಕಿ ಮುಚ್ಚಳ ಒತ್ತಿದ್ದಳು. ಗುರ್ರೆಂದಿತು. ಮಾತು ನಿಂತಿತು, ಎಲ್ಲರ ಕಣ್ಣೂ ಅತ್ತ ತಿರುಗಿದವು. ಅವನಿಗೆ ಕಿವಿ ಬಿಸಿಯಾಯಿತು. ಮಗ ಕೊಡಿಸಿದ್ದಿರಬೇಕು, ಅದಕ್ಕೇ ನಾಲ್ಕು ಜನ ಸೇರಿದ ದಿನವೇ ತಂದಿದ್ದಾಳೆ. "ಅಕ್ಕಾ, ಎಲ್ಲರೂ ನೋಡಿದ್ರು, ಇನ್ನು ಒಳಗಿಡು. ಮಗ ಕೈತುಂಬ ಸಂಪಾದಿಸ್ತಾನೆ ಅಂತ ಗೊತ್ತಾಯ್ತು," ಎಂದ. ಎಲ್ಲರೂ ನಕ್ಕರು. ನಗೆಯಲ್ಲಿ ಅಕ್ಕನೂ ಸೇರಿಕೊಂಡಳು, ಕೈಯಿಂದ ಬಾಯಿ ಮುಚ್ಚಿಕೊಂಡು. ಯಂತ್ರವನ್ನು ಅನ್ನದ ಸಮೇತ ಚೀಲಕ್ಕೆ ಸೇರಿಸಿ, "ಬೆಳಗ್ಗೆ ತಿಂದದ್ದೇ ಕರಗಿಲ್ಲ ಕಣೋ," ಎಂದು ನೀರು ಕುಡಿದು, ಎಲ್ಲರ ಊಟ ಮುಗಿಯುವವರೆಗೂ ಮಕ್ಕಳಿಗೆ ಬಡಿಸುತ್ತ ಓಡಾಡಿದಳು. ಆಮೇಲೆ ಅವಳು ಬರುತ್ತಿದ್ದದ್ದು ಊಟದ ಹೊತ್ತು ತಪ್ಪಿಸಿ, ಮಧ್ಯಾಹ್ನ ಇಳಿದ ಮೇಲೆ. "ಮುಗಿಸ್ಕೊಂಡೇ ಬಂದೆ," ಎನ್ನುತ್ತ ಬಾಗಿಲಲ್ಲೇ ಹಲ್ಲು ತೋರಿಸಿ ನಗುತ್ತಿದ್ದಳು. ಮೆಟ್ಟಿಲ ಕತ್ತಲಲ್ಲಿ ನಿಂತು ಸೆಟ್ಟನ್ನು ಕರ್ಚೀಫಿನಿಂದ ಬಿಚ್ಚಿ ಬಾಯಿಗಿಟ್ಟುಕೊಂಡು ಬರುತ್ತಿದ್ದಳೇನೋ. ಅವಳು ಜೀವಮಾನದಲ್ಲಿ ತೋರಿಸುವುದಕ್ಕೆಂದೇ ಇಟ್ಟುಕೊಂಡ ವಸ್ತು ಇದೊಂದೇ, ತೋರಿಸಿದ್ದೂ ಅವನೊಬ್ಬನಿಗೇ.

ಮೇಜಿಗೆ ಮರಳಿ, ಉಜ್ಜುವ ಯಂತ್ರ ಹಾಕಿ ಹಲ್ಲಿನ ದಿಬ್ಬಗಳನ್ನು ಇಳಿಸತೊಡಗಿದ. ಮಂಕು ಬಣ್ಣದ ಪುಡಿ ಬೆರಳಿಗೆ ಮೆತ್ತಿತು. ಅಗಿದು ಅಗಿದು ಆಗಬೇಕಾಗಿದ್ದ ಸವೆತವನ್ನು ಈಗ ಅವನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬೇಕಾಗಿತ್ತು. ಮಳೆ ಬರುತ್ತಿತ್ತು, ಅಥವಾ ಯಂತ್ರಕ್ಕೆ ಬಿಡುತ್ತಿದ್ದ ನೀರಿನ ಹನಿ ಕಿಟಕಿಗೆ ಹಾರುತ್ತಿತ್ತು. ಅವನಿನ್ನೂ ಶಾಲೆಯಲ್ಲಿದ್ದಾಗ, ಹೊಲಿಗೆ ಅಂಗಡಿಯಲ್ಲಿ ಅಕ್ಕನಿಗೆ ಬಂದ ಮೊದಲ ಸಂಬಳದಲ್ಲಿ ಅವನಿಗೊಂದು ಕೊಡೆ ಬಂದಿತ್ತು, ಗುಂಡಿ ಒತ್ತಿದರೆ ಪಟ್ಟೆಂದು ಬಿಚ್ಚಿಕೊಳ್ಳುವಂಥದ್ದು. ಅದಕ್ಕೂ ಮೊದಲು ಶಾಲೆಯ ಬಾಗಿಲಲ್ಲಿ ಜೊತೆಯವನೊಬ್ಬ ಅಂಥದೇ ಕೊಡೆಯನ್ನು ಅವನ ಮುಖದೆದುರೇ ಬಿಚ್ಚಿದ್ದ. ಬಿಚ್ಚಿದ್ದು ಮಳೆಗೆ; ತನ್ನ ಮುಖಕ್ಕೇ ಬಿಚ್ಚಿದ ಎಂದು ಇವನು ಮನೆಗೆ ಬಂದು ಅತ್ತಿದ್ದ. ತನ್ನದೇ ಕೊಡೆ ಬಂದ ದಿನ ಅದನ್ನು ಕಂಕುಳಲ್ಲಿ ಅವುಚಿಕೊಂಡು ನೆನೆಯುತ್ತ ನಡೆದ. "ಬಿಚ್ಚೋ, ಶೀತ ಆಗುತ್ತೆ," ಎಂದಳು ಅಕ್ಕ. "ಎಲ್ಲರೂ ನೋಡ್ತಾರೆ," ಎಂದ. ಅಕ್ಕ ಅವನ ಮುಖ ನೋಡಿದಳು. ತನ್ನ ಹಳೆಯ ಕೊಡೆಯನ್ನೂ ಮಡಚಿ, ಅವನ ಪಕ್ಕದಲ್ಲೇ ನೆನೆಯುತ್ತ ನಡೆದಳು. ಇಬ್ಬರೂ ಮನೆಯವರೆಗೆ ಎರಡು ಕೊಡೆ ಹೊತ್ತುಕೊಂಡು ತೊಪ್ಪೆಯಾಗಿ ಹೋದರು. ಅದನ್ನು ನೆನೆದು ಅವಳು ಎಷ್ಟು ಸಲ ನಕ್ಕಿದ್ದಳು. ತನ್ನ ಜೊತೆ ನೆನೆಯದೆ ಅವಳಿಗೆ ಬೇರೆ ದಾರಿಯಿರಲಿಲ್ಲ ಎಂದು ಇವನಿಗೆ ಅಂದೇ ಅನ್ನಿಸಬೇಕಾಗಿತ್ತು.

"ಇಷ್ಟೇ ಸಾಲಲ್ಲ," ಎಂದರು ಡಾಕ್ಟರಮ್ಮ, ಅವನು ಮೆದುವಾದ ಒಳಪದರ ಹಾಕಿದ್ದನ್ನು ಬೆರಳಿಂದ ಒತ್ತಿ ನೋಡಿ. "ಅವರ ವಸಡು ಪೂರಾ ಕುಗ್ಗಿಹೋಗಿದೆ. ಹೊಸದಾಗಿ ಅಳತೆ ತಗೋಬೇಕು, ಆದ್ರೆ ಅಷ್ಟು ಹೊತ್ತು ಬಾಯಿ ತೆರೆದು ಕೂರೋ ಶಕ್ತಿ ಅವರಿಗಿಲ್ಲ. ಮುಂಚೇನೇ ಯಾರಾದ್ರೂ ಗಮನಿಸಿದ್ರೆ..." ಅಷ್ಟಕ್ಕೇ ನಿಲ್ಲಿಸಿ ಗಡಿಯಾರ ನೋಡಿದರು. ನಾನೇ ಕೊಟ್ಟು ಬರುತ್ತೇನೆ ಎಂದ. ಅವರು ನನ್ನ ಅಕ್ಕ ಎನ್ನಲು ಬಾಯಿ ತೆರೆದ. ತೆರೆದ ಬಾಯಿಂದ, ಅದು ನನ್ನ ಬಸ್ಸಿನ ದಾರಿಯಲ್ಲೇ ಇದೆ ಎಂಬ ಮಾತು ಬಂತು.

ಆರೈಕೆ ಮನೆಯ ಓಣಿಯಲ್ಲಿ ಅವನು ಮುಂದೆ ಹೋದಂತೆಲ್ಲ ಮೇಲಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು, ಹಿಂದಿನವು ಆರಿದವು. ಕಣ್ಣು ಮುಚ್ಚಲಿಲ್ಲ. ಗೋಡೆಯುದ್ದಕ್ಕೂ ಹಿಡಿದು ನಡೆಯಲು ಮರದ ಕಂಬಿಯಿತ್ತು. ಅದರ ಬಣ್ಣ ಕೈ ಉಜ್ಜಿ ಉಜ್ಜಿ ಹೋಗಿತ್ತು. ಏನೇನು ಹೇಳಬೇಕೆಂದು ಬಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಬಾಗಿಲು ತಳ್ಳಿದ. ಬಿಳಿಯ ಹಾಸಿಗೆಯಲ್ಲಿ ಅಕ್ಕ ಇದ್ದಳು, ಹೊದಿಕೆಯ ಕೆಳಗೆ ಮೈ ಇದೆಯೆಂದು ನಂಬಬೇಕಾಗಿತ್ತು. ಅವನನ್ನು ಕಂಡು ಅವಳ ಮುಖವೆಲ್ಲ ಅರಳಿತು. ಕೈ ಹೊದಿಕೆಯ ಮೇಲೆ ತಡಕಾಡಿ ಗುಂಡಿಯನ್ನು ಹುಡುಕಿತು; ಮಂಚದ ತಲೆಯ ಭಾಗ ಗುಂಯ್ ಎನ್ನುತ್ತ ಅವಳನ್ನು ಎತ್ತಿ ಅವನ ಕಡೆಗೆ ತರತೊಡಗಿತು. ನೋಡು, ಬಂದ ತಕ್ಷಣ ಮೆರೆಯೋದು ಶುರು. ಆ ಯೋಚನೆ ಅವನನ್ನು ಕೇಳಿ ಬರಲಿಲ್ಲ. ಕೆಮ್ಮಿನಂತೆ ಬಂತು, ಬಂದೇ ಬಂತು. ಬೆಳಗಿನಿಂದ ಕಂಡದ್ದು, ಕೇಳಿದ್ದು, ಬೆರಳಿಗೆ ಮೆತ್ತಿಕೊಂಡ ಪುಡಿ, ಯಾವುದೂ ಅದಕ್ಕೆ ಅಡ್ಡ ನಿಲ್ಲಲಿಲ್ಲ. ಮುಖ ಎಂದಿನಂತೆ ತುಟಿಯ ಒಂದು ಮೂಲೆಯಲ್ಲಿ ಚೂರು ಸೊಟ್ಟಗಾದದ್ದು ಅವನಿಗೇ ತಿಳಿಯಿತು. ಕೊಡೆಯ ಕಾಲದಿಂದಲೂ ಆ ಮುಖವನ್ನು ಓದಿದವಳು ಅಕ್ಕ. ಮಂಚ ಅರ್ಧಕ್ಕೇ ನಿಂತಿತು.

"ಬಂದ್ಯಾ?" ಎಂದಳು, ಗುಂಡಿಯನ್ನು ದಿಂಬಿನ ಕೆಳಗೆ ಸರಿಸುತ್ತ. "ಸೆಟ್ಟು ತಂದಿದ್ದೀನಿ ಅಕ್ಕ." ಅವಳ ಕೈ ಬಾಯಿಗೆ ಹೋಯಿತು. "ಅಯ್ಯೋ, ಅದು ನಿನ್ನ ಹತ್ರಾನೇ ಬಂತಾ? ಬೇರೆ ಎಲ್ಲಾದ್ರೂ ಕೊಡಮ್ಮ ಅಂತ ಆ ದಾದಿಗೆ ಹೇಳಿದ್ನಲ್ಲೋ." ಅವನು ಹೇಳಬೇಕೆಂದಿದ್ದ ಮೊದಲ ಮಾತು, ತಪ್ಪು ನನ್ನದು ಎಂಬುದು. ನಾಲಿಗೆಗೆ ಬಂದದ್ದು, "ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀಯ, ಹೊಸದರ ಹಾಗೇ ಇದೆ," ಎಂಬುದು. ಅವನ ದನಿಯಲ್ಲಿ ಬರುವ ಎಲ್ಲ ಮಾತಿನಂತೆ ಅದೂ ಕುಟುಕಿನಂತೆಯೇ ಕೇಳಿಸಿತು. "ನೀನು ಮಾಡಿದ್ದಲ್ವಾ, ಜೋಪಾನ ಮಾಡ್ದೆ," ಎಂದಳು ಅಕ್ಕ.

ಸೆಟ್ಟನ್ನು ತಾನೇ ಕೂರಿಸಿದ. ಒಣಗಿದ ತುಟಿ ಬೆರಳಿಗೆ ತಾಗಿತು. ಕೆಳಗಿನದು ಕೂತ ಹಾಗೆ ಕೂತು ನೀರಿನ ಮೇಲಿನ ತಟ್ಟೆಯಂತೆ ತೇಲಿತು. "ನೋಯುತ್ತಾ?" "ಇಲ್ಲಪ್ಪ. ಎಷ್ಟೋ ಹಗುರ ಆಗಿದೆ." ಮೇಜಿನ ಮೇಲಿದ್ದ ಬ್ರೆಡ್ಡಿನ ಅಂಚು ಕತ್ತರಿಸಿ, ಮೆತ್ತಗಿನ ತುಂಡೊಂದನ್ನು ಅವಳ ಬಾಯಿಗಿಟ್ಟ. ಇದೊಂದು ತುಂಡು ಅಗಿದು ನುಂಗಿದರೆ ನಳಿಗೆ ಬೇಡವೆನ್ನಬಹುದು. ಅಕ್ಕ ದವಡೆ ಆಡಿಸಿದಳು, ಅವನನ್ನೇ ನೋಡುತ್ತ, ತಲೆಯಾಡಿಸುತ್ತ. ಅವನ ಕಿವಿ ಬೇರೆ ಏನನ್ನು ಕೇಳದಿದ್ದರೂ ಹಲ್ಲಿಗೆ ಹಲ್ಲು ತಾಗುವುದನ್ನು ಕೇಳುತ್ತದೆ. ತಾಗುತ್ತಿರಲಿಲ್ಲ. ತುಂಡು ಎಡಗೆನ್ನೆಯಲ್ಲಿ ಉಬ್ಬಿಕೊಂಡು ಹಾಗೆಯೇ ನಿಂತಿತ್ತು. "ಚೆನ್ನಾಗಿದೆ ಕಣೋ," ಎಂದಳು, ಉಬ್ಬಿದ ಕೆನ್ನೆಯಲ್ಲೇ. "ಕತ್ತಲಾಯ್ತು, ನೀನು ಹೊರಡು. ಬಸ್ಸು ತಪ್ಪುತ್ತೆ."

ಅರ್ಧ ಎದ್ದ ಮಂಚದಲ್ಲಿ ಅವಳು ಜಾರುತ್ತಿದ್ದಳು. ಮೊಣಕೈ ಊರಿ ಬೆನ್ನನ್ನು ಕೆಳಕ್ಕೆ ಎಳೆದುಕೊಳ್ಳಲು ನೋಡಿ ಉಸಿರು ಹಿಡಿದಳು. "ಗುಂಡಿ ಒತ್ತಕ್ಕ," ಎಂದ. "ದಿಂಬಿನ ಕೆಳಗಿದೆ, ನಾನು ಒತ್ತಲಾ?"

"ಬೇಡ ಬಿಡೋ. ನೀನು ಹೋದ್ಮೇಲೆ ಒತ್ಕೋತೀನಿ."

ಬಾಗಿಲೆಳೆದುಕೊಂಡು ಓಣಿಗೆ ಬಂದ. ಗೋಡೆಗೆ ಒರಗಿ ನಿಂತ. ಒಳಗೆ ಮೋಟಾರಿನ ಗುಂಯ್ ಸದ್ದು ಶುರುವಾಗಿ, ನಿಧಾನವಾಗಿ ಇಳಿದು, ನಿಂತಿತು. ಬಟ್ಟಲಿಗೆ ಉಗುಳಿದ ಸದ್ದು. ಆಮೇಲೆ ಲೋಟದ ನೀರಿಗೆ ಏನೋ ಬಿದ್ದ ಸದ್ದು, ಮೊದಲು ಒಂದು, ಮತ್ತೆ ಇನ್ನೊಂದು. ಅವನು ಅಲ್ಲಾಡದೆ ನಿಂತಿದ್ದರಿಂದ ತಲೆಯ ಮೇಲಿನ ದೀಪ ಆರಿತು. ಒಂದು ಹೆಜ್ಜೆ ಇಟ್ಟರೆ ಅದು ಮತ್ತೆ ಹೊತ್ತಿಕೊಳ್ಳುತ್ತದೆ, ಬಾಗಿಲ ಸಂದಿಯಿಂದ ಬೆಳಕು ಅವಳಿಗೆ ಕಾಣುತ್ತದೆ, ಅವನಿನ್ನೂ ಹೋಗಿಲ್ಲವೆಂದು ತಿಳಿದು ಅವಳು ಲೋಟದಿಂದ ಹಲ್ಲು ತೆಗೆದು ಮತ್ತೆ ಬಾಯಿಗಿಟ್ಟುಕೊಳ್ಳುತ್ತಾಳೆ. ಅವನು ಉಸಿರನ್ನೂ ಮೆಲ್ಲಗೆ ಬಿಡುತ್ತ ಕತ್ತಲಲ್ಲೇ ನಿಂತ.